ಹರಕೆ ಕೇಳುತ್ತಿದ್ದ ಅಕ್ಕೋರು

"ನಿಮ್ಮನ್ಯಾಗ ಹರಕಿ ಏನೇನ ಅದಾವ್ರಿ?"

ಇಳಕಲ್ಲಿನ ನೇಕಾರರ ಓಣಿಗೆ ಬಾಡಿಗೆಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಹೆಂಗಸು ನನ್ನನ್ನು ಕೇಳಿದ ಮೊದಲ ಮಾತು ಇದು. ಯಾವೂರು, ಯಾರ ಪೈಕಿ, ಊಟಾತೇನು, ಇದ್ಯಾವುದೂ ಇಲ್ಲ. ನನ್ನ ಗಂಡ ಆಗ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಗದೆ ಕೂತುಬಿಡುತ್ತಿದ್ದರು. ಮರುದಿನ ಬಾಗಲಕೋಟೆಯ ದವಾಖಾನೆಗೆ ಹೊರಟಿದ್ದೆವು. ನನ್ನ ಜೀವ ಅಂಗೈಯಲ್ಲಿತ್ತು. ಅಂಥ ಹೊತ್ತಿನಲ್ಲಿ ಗುರುತು ಪರಿಚಯ ಇಲ್ಲದವರು ಬಾಗಿಲಲ್ಲಿ ನಿಂತು ಹರಕೆ ಕೇಳಿದರೆ ಸಿಟ್ಟು ಬಾರದೆ ಇರುತ್ತದೆಯೇ? "ನಮ್ಮ ಹರಕಿ ತಗೊಂಡು ನೀವೇನ್ ಮಾಡಾವ್ರದೀರಿ?" ಎಂದು ಕಡಕ್ಕಾಗಿಯೇ ಕೇಳಿದೆ. ಅವರು ನಗಲಿಲ್ಲ, ಮುನಿಯಲೂ ಇಲ್ಲ. "ಡಾಕ್ಟರಗ ಹೇಳಾಕ" ಎಂದರು.

ಆ ಪ್ರಶ್ನೆ ಓಣಿಯಲ್ಲಿ ಎಷ್ಟೋ ಜನರನ್ನು ಉಳಿಸಿತು. ಕೊನೆಗೆ ಅದೇ ಪ್ರಶ್ನೆ ಅವರನ್ನು ತಿಂದುಹಾಕಿತು ಎಂದು ನಾನು ಹೇಳಿದರೆ ಓಣಿಯವರು ಯಾರೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡಲಿ, ನಾನು ಕಂಡದ್ದನ್ನು ನಾನು ಹೇಳುತ್ತೇನೆ.

ಅವರ ಹೆಸರು ಇಲ್ಲಿ ಬೇಡ. ಆ ಹೆಸರನ್ನು ಓಣಿಯಲ್ಲಿ ಯಾರೂ ಬಳಸಿದ್ದೇ ಇಲ್ಲ. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ನಾನು ವರ್ಗವಾಗಿ ಬಂದಿದ್ದ ಸಾಲಿಗೇ ಅವರು ಹೆಡ್ ಅಕ್ಕೋರು ಎಂದು ನನಗೆ ಗೊತ್ತಾದದ್ದು ಹಾಜರಾಗಲು ಹೋದ ದಿನ, ಹೆಡ್ ಅಕ್ಕೋರ ಕುರ್ಚಿಯಲ್ಲಿ ಅವರನ್ನು ಕಂಡಾಗ. ಅಲ್ಲಿಂದ ಮುಂದೆ ಅವರು ದೊಡ್ಡ ಅಕ್ಕೋರು, ನಾನು ಸಣ್ಣ ಅಕ್ಕೋರು. ಅವರು ನಿವೃತ್ತರಾದ ಮೇಲೂ, ನನ್ನ ತಲೆ ಬೆಳ್ಳಗಾದ ಮೇಲೂ ನಾನು ಸಣ್ಣ ಅಕ್ಕೋರೇ.

ಮೊದಲ ದಿನದ ಮಾತಿಗೆ ಬರುತ್ತೇನೆ. ಬಾಗಿಲಲ್ಲಿ ನಮ್ಮಿಬ್ಬರ ಮಾತು ಬಿರುಸಾಗುತ್ತಿದ್ದಂತೆ ಒಳಗಿನಿಂದ ನನ್ನ ಅತ್ತೆ ಬಂದರು. ಬೀರಪ್ಪನ ಒಕ್ಕಲು, ಹುನಗುಂದದ ಹತ್ತಿರದ ಹಳ್ಳಿಯವರು. ಹರಕೆ ಎಂದ ಕೂಡಲೇ ಮುದುಕಿಯ ಮುಖ ಅರಳಿತು.

"ಬೀರಪ್ಪಗ ಕಂಬಳಿ ಹೊಚ್ಚೇವಲ್ರೀ, ಇವ ಸಣ್ಣಾವಿದ್ದಾಗ!"

"ಯಾಕ ಹೊಚ್ಚಿದ್ರಿ?"

"ಸಂದು ಸಂದು ಬಾತಿದ್ವು. ಇವತ್ತ ಮೊಣಕಾಲು, ನಾಳಿ ಮೊಣಕೈ. ಮೈ ಅನ್ನೂದು ಕೆಂಡ. ನೆಲಕ್ಕ ಕಾಲು ಊರಲಿಲ್ಲ ನನ್ನ ಕೂಸು. ಬೀರಪ್ಪ ನಡಸಿದ."

ನನ್ನ ಗಂಡ ಕಣ್ಣು ಬಿಟ್ಟುಕೊಂಡು ತಾಯಿಯನ್ನೇ ನೋಡುತ್ತಿದ್ದರು. ಹಿಂದೆ ಏನಾದರೂ ಕಾಯಿಲೆ ಇತ್ತೇ ಎಂದು ಯಾವ ಡಾಕ್ಟರು ಕೇಳಿದರೂ "ಏನಿಲ್ರಿ, ಗುಂಡಕಲ್ಲ ಇದ್ದಂಗ ಇದ್ದೆ" ಎಂದು ಎದೆ ಸೆಟೆಸುವ ಆಸಾಮಿ ಅವರು. ಮರುದಿನ ದವಾಖಾನೆಯಲ್ಲಿ ನಾನು ಸಂದು ಬಾತ ಸಂಗತಿ ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, ಮತ್ತೆ ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು, ಹೃದಯದ ಸ್ಕ್ಯಾನಿಗೆ ಬರೆದುಕೊಟ್ಟರು. ಬಾಲ್ಯದ ಆ ಜ್ವರ ಹೃದಯದ ಕವಾಟವನ್ನು ಕೆಡಿಸಿಟ್ಟಿತ್ತು. ಇವತ್ತಿಗೂ ಅವರು ಗುಳಿಗೆ ನುಂಗುತ್ತಾ, ನನ್ನ ಕೂಡ ಜಗಳಾಡುತ್ತಾ ಇದ್ದಾರೆ.

ದೊಡ್ಡ ಅಕ್ಕೋರ ಲೆಕ್ಕಾಚಾರ ಸರಳವಾಗಿತ್ತು. ನಮ್ಮ ಮಂದಿ ಬ್ಯಾನಿ ಮರೆಯುತ್ತಾರೆ, ಹರಕೆ ಮರೆಯುವುದಿಲ್ಲ. ವಾಸಿಯಾದ ಕಾಯಿಲೆಯ ಹೆಸರು ಎತ್ತಿದರೆ ಅದು ತಿರುಗಿ ಬಂದೀತು ಎಂಬ ಅಂಜಿಕೆ. ಹರಕೆ ಮರೆತರೆ ದೇವರು ಬೆನ್ನು ಹತ್ತೀತು ಎಂಬ ಅಂಜಿಕೆ. "ಹಿಂದೆ ಏನಾಗಿತ್ತು" ಎಂದು ಕೇಳಿದರೆ ಮನೆ ಮಂದಿಯೆಲ್ಲ ತಲೆಯಾಡಿಸುತ್ತಾರೆ. "ಯಾವ ದೇವರಿಗೆ ಏನು ಕೊಟ್ಟಿರಿ, ಯಾಕೆ ಕೊಟ್ಟಿರಿ" ಎಂದು ಕೇಳಿದರೆ ಅಜ್ಜಿಯಂದಿರು ಮೈಮೇಲೆ ಬಂದವರಂತೆ ಹೇಳತೊಡಗುತ್ತಾರೆ. ಮಹಾಕೂಟದ ಹೊಂಡದಲ್ಲಿ ಮುಳುಗಿಸಿದ್ದು ಮೈಮೇಲಿನ ಕಜ್ಜಿಗೆ. ಬನಶಂಕರಿಗೆ ಬೆಳ್ಳಿ ಕಣ್ಣು ಏರಿಸಿದ್ದು ಕಣ್ಣಿಗೆ. ಬೆಳ್ಳಿ ತೊಟ್ಟಿಲು ಕಟ್ಟಿದ್ದು ನಿಲ್ಲದ ಬಸಿರಿಗೆ. ಅಕ್ಕೋರು ಇದನ್ನೆಲ್ಲ ಡಾಕ್ಟರಿಗೆ ತಿಳಿಯುವ ಮಾತಿಗೆ ತಿರುಗಿಸಿ, ಒಂದು ಹಾಳೆಯಲ್ಲಿ ಬರೆದು, ದವಾಖಾನೆಗೆ ಬೇಕಾದ ಕಾರ್ಡುಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡುತ್ತಿದ್ದರು.

ತಮಾಷೆ ಎಂದರೆ, ಅವರ ಸ್ವಂತ ಮನೆಯಲ್ಲಿ ಹರಕೆ ಎಂಬುದೇ ಇರಲಿಲ್ಲ. ಅವರ ತಂದೆ ಬಸವಣ್ಣನ ಕಡುನಿಷ್ಠೆಯವರು. ಕೊರಳಲ್ಲಿ ಲಿಂಗ ಇರುವಾಗ ಬೇರೆ ದೇವರ ಮುಂದೆ ಕೈಮುಗಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದವರು. ಮಕ್ಕಳನ್ನು ಕೂಡಲಸಂಗಮಕ್ಕೆ ಬಿಟ್ಟರೆ ಬೇರೆ ಯಾವ ಕ್ಷೇತ್ರಕ್ಕೂ ಕರೆದೊಯ್ದವರಲ್ಲ. ಅಕ್ಕೋರೂ ಹಾಗೇ. ಹರಕೆಯನ್ನು ಕಿಂಚಿತ್ತೂ ನಂಬದೆ ಊರವರ ಹರಕೆಯನ್ನೆಲ್ಲ ಕೆದಕುತ್ತಿದ್ದರು. "ನಿಮಗ ನಂಬಿಕಿನ ಇಲ್ಲ, ಮತ್ತ ಯಾಕ ಕೇಳ್ತೀರಿ?" ಎಂದು ನಾನು ರೇಗಿಸಿದರೆ, "ಹರಕಿ ಮ್ಯಾಲೆ ನಂಬಿಕಿ ಇಲ್ಲ ಅಂದೆ, ಹರಕಿ ಹೊತ್ತವರ ಮ್ಯಾಲೆ ಐತಿ. ಹರಕಿ ಸುಳ್ಳ ಹೇಳೂದಿಲ್ಲ" ಎನ್ನುತ್ತಿದ್ದರು. ಈ ಮಾತನ್ನು ಅವರು ಎಷ್ಟು ಸಲ ಹೇಳಿದರೆಂದರೆ, ಕೊನೆಕೊನೆಗೆ ತಾವೇ ಅದನ್ನು ಪರೀಕ್ಷಿಸುವುದನ್ನು ಬಿಟ್ಟುಬಿಟ್ಟಿದ್ದರು.

ದವಾಖಾನೆಗೆ ಹೋಗುವವರು ಹಿಂದಿನ ದಿನ ಸಂಜೆ ಅವರ ಅಂಗಳಕ್ಕೆ ಹೋಗುವುದು ಓಣಿಯ ರೂಢಿಯಾಗಿಬಿಟ್ಟಿತ್ತು. ಮಗ್ಗದ ಸದ್ದು ನಿಂತ ಹೊತ್ತಿನಲ್ಲಿ ಅಕ್ಕೋರು ಕುರ್ಚಿ ಹಾಕಿಕೊಂಡು ಕೂತು ರೋಗಿಯ ಮುಂಗೈ ಹಿಡಿದುಕೊಳ್ಳುತ್ತಿದ್ದರು. ನಾಡಿ ನೋಡಲಿಕ್ಕಲ್ಲ, ಓಡಿಹೋಗದಿರಲಿ ಎಂದು. ಆಮೇಲೆ ಬೆಂಗಳೂರು ಕಡೆಯ ಡಾಕ್ಟರ ಹಾಗೆ ದನಿ ತೆಗೆದು, "ಏನಪ್ಪಾ, ಎಷ್ಟು ದಿನದಿಂದ ಇದೆ ಇದು? ಏನಾದ್ರೂ ಅಭ್ಯಾಸ ಇದೆಯಾ?" ಎಂದು ಕೇಳುತ್ತಿದ್ದರು. ನೆರೆದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

ಒಬ್ಬ ನೇಕಾರಜ್ಜ ದವಡೆಯಲ್ಲಿ ತಂಬಾಕು ಒತ್ತಿಕೊಂಡೇ "ಚಟಾ ಏನೂ ಇಲ್ರಿ" ಎಂದ.

"ಮತ್ತ ಬಾಯಾಗ ಏನೈತೋ ಯಜಮಾನ?"

"ಇದು ಚಟಾ ಅಲ್ಲಬಿಡ್ರಿ. ಇದು ರೂಢಿ."

"ಡಾಕ್ಟರ ಮುಂದ ಮಾನ ಕಾಯಬ್ಯಾಡ, ಜೀವ ಕಾಯಿ" ಎಂದು ಅಕ್ಕೋರು ಅವನ ಕೈ ಅಲ್ಲಾಡಿಸಿದರು. ಹೆಣ್ಣುಮಕ್ಕಳ ಸಂಗತಿ ಬಂದರೆ ನೆರೆದವರನ್ನೆಲ್ಲ ಗದರಿಸಿ ಎಬ್ಬಿಸಿ ಕಳಿಸಿಯೇ ಮಾತು ತೆಗೆಯುತ್ತಿದ್ದರು. ಗುಳಿಗೆಯನ್ನು ಕೆಂಪು ಗುಳಿಗಿ, ಬಿಳಿ ಗುಳಿಗಿ ಎಂದರೆ ಅವರಿಗೆ ಪಿತ್ತ ನೆತ್ತಿಗೇರುತ್ತಿತ್ತು. ಪಾಕೀಟು ಸಮೇತ ಒಯ್ಯಬೇಕು. ಮಠದವರು ಕೊಟ್ಟ ಪುಡಿ ಔಷಧವಲ್ಲ, ಪ್ರಸಾದ ಎಂದು ಯಾರಾದರೂ ವಾದಿಸಿದರೆ, "ಹೊಟ್ಟಿಗಿ ಅದು ಗೊತ್ತಾಗಬೇಕಲ್ಲ ತಂಗಿ" ಎನ್ನುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ ಅವರು ತಿದ್ದುತ್ತಿದ್ದದ್ದು ಒಂದೇ ಸಂಗತಿ. "ಗೊತ್ತಿಲ್ಲದ್ದಕ್ಕ ಇಲ್ಲ ಅನಬ್ಯಾಡ್ರಿ. ಗೊತ್ತಿಲ್ಲ ಅನ್ರಿ. ಇಲ್ಲ ಅಂದ್ರ ಡಾಕ್ಟರು ಬಾಗಲಾ ಹಾಕಿ ಮುಂದ ಹೋಗ್ತಾರ. ಗೊತ್ತಿಲ್ಲ ಅಂದ್ರ ಬಾಗಲದಾಗ ನಿಂತು ಇಣಕತಾರ."

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವರಿಗೆ ಬಲಪಕ್ಕೆಯಲ್ಲಿ ನೋವು ಕಾಣಿಸಿತು. ಉಂಡ ಕೂಡಲೇ ಹೊಟ್ಟೆ ಹಿಡಿದುಕೊಂಡು ಬಾಗುತ್ತಿದ್ದರು. ಬಾಗಲಕೋಟೆಯಲ್ಲಿ ಸ್ಕ್ಯಾನ್ ಮಾಡಿ, ಪಿತ್ತದ ಚೀಲದಲ್ಲಿ ಹರಳುಗಳಿವೆ, ಚೀಲವನ್ನೇ ತೆಗೆಯಬೇಕು ಎಂದರು. ಜೊತೆಗೆ ನಾನಿದ್ದೆ. ಡಾಕ್ಟರು ಎಳೆ ವಯಸ್ಸಿನವರು, ತಾಳ್ಮೆಯ ಮನುಷ್ಯ. "ಯಾವುದಾದ್ರೂ ಔಷಧಿ, ಇಂಜೆಕ್ಷನ್ ನಿಮಗೆ ಒಗ್ಗದೆ ತೊಂದರೆ ಆಗಿದ್ದಿದೆಯಾ?" ಎಂದು ಕೇಳಿದರು.

"ಗೊತ್ತಿಲ್ಲ" ಎಂದರು ಅಕ್ಕೋರು.

ಡಾಕ್ಟರು ಮುಗುಳ್ನಕ್ಕು, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಇಂಜೆಕ್ಷನ್ ತಗೊಂಡಿಲ್ವಾ ಎಂದರು. ಇಲ್ಲವೆಂದರೆ ಇಲ್ಲ. ಅಕ್ಕೋರಿಗೆ ಮಕ್ಕಳಾಗಿರಲಿಲ್ಲ, ಗಂಡ ಬೇಗ ತೀರಿಕೊಂಡಿದ್ದರು, ಅವರಿಗೆ ನೆಗಡಿ ಬಂದದ್ದನ್ನೂ ನಾನು ಕಂಡಿರಲಿಲ್ಲ. ಸಾಲಿಗೆ ಸೂಜಿ ಹಾಕುವವರು ಬರುವ ದಿನ ಅವರ ತಾಯಿ ಅವರನ್ನು ಮನೆಯಿಂದ ಹೊರಗೇ ಬಿಡುತ್ತಿರಲಿಲ್ಲವಂತೆ. "ನಮ್ಮವ್ವ ಸೂಜಿ ಅಂದ್ರ ಸೀಮಿ ದಾಟತಿದ್ಲು" ಎಂದು ನಕ್ಕರು. ನನಗೆ ಯಾಕೋ ನಗು ಬರಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅವರು ಒಂದು ಸಂಗತಿ ಹೇಳಿದರು. ತೀರಾ ಸಣ್ಣವರಿದ್ದಾಗಿನದು, ಇನ್ನೂ ಸಾಲಿಗೆ ಹಾಕಿರಲಿಲ್ಲ. ಆಗ ಅವರ ತಂದೆ ಬಾದಾಮಿಯಲ್ಲಿ ಕೆಲಸಕ್ಕಿದ್ದರು. ತಾಯಿ ಇವರನ್ನು ಚಾದರದಲ್ಲಿ ಸುತ್ತಿ ಎತ್ತಿಕೊಂಡು ಓಡುತ್ತಿದ್ದಾಳೆ. ಕಣ್ಣು ಬಿಡಬೇಕೆಂದರೂ ಬಿಡಲಾಗುತ್ತಿಲ್ಲ, ರೆಪ್ಪೆಗಳು ಕಲ್ಲಾಗಿವೆ. ತಾಯಿ ಅಳುವುದು ಮಾತ್ರ ಕೇಳುತ್ತಿದೆ. ಅಷ್ಟೇ ನೆನಪು. ಅದು ಏನು ಕಾಯಿಲೆ, ಯಾಕೆ ಬಂತು, ಹೇಗೆ ಹೋಯಿತು, ಯಾರೂ ಯಾವತ್ತೂ ಹೇಳಿರಲಿಲ್ಲ.

"ಊರವರದೆಲ್ಲ ತಗದೆ ನೋಡ್ರಿ ಸಣ್ಣ ಅಕ್ಕೋರ. ನಂದ ಒಂದು ತಗೀಲಿಲ್ಲ. ಹರಕಿ ಇಲ್ಲದ ಮನಿ, ಎಲ್ಲಿಂದ ತಗೀಲಿ?" ಎಂದು ಕಿಟಕಿಯ ಕಡೆ ತಿರುಗಿ ಕೂತರು. ಅವತ್ತು ಮೊದಲ ಸಲ ನನಗೆ ಅವರು ಅಂಜಿದಂತೆ ಕಂಡಿತು. "ಆಗೇನಾಗಿತ್ತು ಅನ್ನೂದು ತಿಳೀಲಾರದ ನಾ ಆ ಮೇಜಿನ ಮ್ಯಾಲೆ ಮಲಗೂದಿಲ್ಲ" ಎಂದರು.

ಮಲಗದೆ ಇರಲು ನೋವು ಬಿಡಬೇಕಲ್ಲ. ಅದು ದಿನದಿನಕ್ಕೂ ಏರಿತು, ಜ್ವರ ಸೇರಿಕೊಂಡಿತು. ತಡ ಮಾಡಿದರೆ ಚೀಲ ಒಳಗೇ ಒಡೆದೀತು ಎಂದು ಡಾಕ್ಟರು ಫೋನಿನಲ್ಲಿ ಎಚ್ಚರಿಸಿದರು. ಹುನಗುಂದದಲ್ಲಿದ್ದ ಅವರ ತಮ್ಮನನ್ನು ಕೇಳಿದೆವು. "ನಾ ಆಗ ಹುಟ್ಟಿದ್ದಿಲ್ಲವಾ ಅಕ್ಕ" ಎಂದ ಪಾಪ. ತಂದೆ ತಾಯಿ ಮಣ್ಣು ಸೇರಿ ಬಹಳ ಕಾಲವಾಗಿತ್ತು. ಉಳಿದದ್ದು ಒಂದೇ ಜೀವ, ಚೊಳಚಗುಡ್ಡದ ಚಿಗವ್ವ, ತಾಯಿಯ ತಂಗಿ. ಬನಶಂಕರಿ ಗುಡಿಯ ಹತ್ತಿರ ಮರದ ಕೆಳಗೆ ಕೂತು, ಬಂದ ಭಕ್ತರಿಗೆ ರೊಟ್ಟಿ ಮೊಸರು ಮಾರಿ ಮಕ್ಕಳನ್ನು ಸಾಕಿದಾಕೆ. ಈಗ ಕೈಲಾಗದೆ ಮನೆಯಲ್ಲಿದ್ದಳು. ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ ನಾನೂ ಅಕ್ಕೋರೂ ಅಲ್ಲಿಗೆ ಹೊರಟೆವು.

ಚಿಗವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಕ್ಕನ ಮಗಳನ್ನು ಕಂಡು ಎದ್ದು ಗಲ್ಲ ಸವರಿದಳು, ಬಡಕಲಾದದ್ದಕ್ಕೆ ಬೈದಳು. ಅಕ್ಕೋರು ಪಕ್ಕದಲ್ಲಿ ಕೂತು, ತಮ್ಮ ರೂಢಿಯಂತೆ ಅವಳ ಮುಂಗೈ ಹಿಡಿದರು.

"ಚಿಗವ್ವಾ, ನಾ ಸಣ್ಣಾಕಿದ್ದಾಗ ನನಗೇನಾಗಿತ್ತು?"

"ಏನಾಗಿತ್ತವಾ? ಹಲ್ಲು ಬಂದಿದ್ವು, ಹಲ್ಲು ಬಿದ್ದಿದ್ವು."

"ನನ್ನ ಚಾದರದಾಗ ಸುತ್ತಿ ಎತಗೊಂಡು ಓಡಿದ್ರು. ನನ್ನ ಕಣ್ಣ ತೆರೀತಿದ್ದಿಲ್ಲ. ಅವ್ವ ಅಳಾಕತ್ತಿದ್ಲು. ಹತ್ತರ ಇದ್ದಾಕಿ ನೀ ಒಬ್ಬಾಕಿ. ಅವತ್ತ ನಿನ್ನ ಮನಿಗೇ ಬಂದಿರಬೇಕು, ಹೌದಲ್ಲೋ?"

ಮುದುಕಿಯ ಕೈ ಜೋಳದ ಮೇಲೆ ನಿಂತುಬಿಟ್ಟಿತು. "ಯಾರ ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ನೆನಪೈತಿ."

"ನೆನಪಿದ್ರ ಮರತಬಿಡು."

"ಮರಿಯಾಕ ಬರಂಗಿಲ್ಲ ಚಿಗವ್ವ. ನನ್ನ ಹೊಟ್ಟಿ ಕೊಯ್ಯಾವ್ರದಾರ. ಹಿಂದೇನಾಗಿತ್ತು ಹೇಳು ಅಂತ ಡಾಕ್ಟರು ಕೇಳಾಕತ್ತಾರ. ಹೇಳಲಿಲ್ಲಂದ್ರ ನನ್ನ ಜೀವಕ್ಕ ಎರವಾಗಬಹುದು."

"ಹೇಳಿದ್ರೂ…" ಎಂದಳು ಚಿಗವ್ವ. ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು.

ಅಕ್ಕೋರು ಹಿಡಿದ ಕೈ ಬಿಡಲಿಲ್ಲ. ಅವರು ಬಹಳ ಮೆಲ್ಲಗೆ ಕೇಳಿದರು: "ನಮ್ಮವ್ವ ಹರಕಿ ಹೊತ್ತಿದ್ಲೇನು?"

ಮುದುಕಿ ಕೈ ಕಿತ್ತುಕೊಂಡಳು. ಮೊರ ಉರುಳಿ ಜೋಳವೆಲ್ಲ ಕಟ್ಟೆಯ ಮೇಲೆ ಚೆಲ್ಲಿತು. "ನಿಮ್ಮಪ್ಪ ಇದ್ದ ಮನ್ಯಾಗ ಹರಕಿ ಎಲ್ಲಿಂದ ಬರಬೇಕ? ನನ್ನ ಏನೂ ಕೇಳಬ್ಯಾಡ. ನಿನ್ನ ಕಣ್ಣ ತೆರದ್ವಲ್ಲ, ಸಾಕಿಲ್ಲೇನು? ಆ ಬನಶಂಕರವ್ವ ಕಣ್ಣ ತೆರಸಿದ್ಲು, ಅಷ್ಟ ಸಾಕು. ನಿನ್ನ ಕಾಲ ಬೀಳ್ತೀನಿ, ಇನ್ನ ಕೇಳಬ್ಯಾಡ" ಎಂದು ಅಳುತ್ತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಸೊಸೆ ಬಂದು ರೊಟ್ಟಿ, ಕೆಂಪು ಚಟ್ನಿ ಕಟ್ಟಿಕೊಟ್ಟಳು. ಬಾಗಿಲ ಹಿಂದಿನಿಂದ ಮುದುಕಿ "ಉಂಡ ಹೋಗ್ರಿ" ಎಂದದ್ದು ಕೇಳಿಸಿತು.

ನಾವು ಬಸ್ಸಿಗಾಗಿ ಗುಡಿಯ ಮುಂದೆ ನಿಂತೆವು. ಸಾಲಂಗಡಿಗಳಲ್ಲಿ ಕುಂಕುಮ, ಕಾಯಿ, ತೆಳು ಬೆಳ್ಳಿ ಹಾಳೆಯ ಕಣ್ಣು, ಕೈ, ಕಾಲು ಇಟ್ಟುಕೊಂಡು ಮಾರುತ್ತಿದ್ದರು. ಅಕ್ಕೋರು ಅದನ್ನೇ ನೋಡುತ್ತಾ ನಿಂತಿದ್ದವರು ಒಮ್ಮೆಲೇ ನನ್ನ ರಟ್ಟೆ ಹಿಡಿದರು. ಮುಖ ಬಿಚ್ಚಿಕೊಂಡಿತ್ತು.

"ಸಿಕ್ತು ನೋಡ್ರಿ! ಅವ್ವ ಬೆಳ್ಳಿ ಕಣ್ಣ ಏರಿಸ್ಯಾಳ. ಅಪ್ಪಗ ಅಂಜಿ ಮುಚ್ಚಿಟ್ಟಾಳ. ಕಣ್ಣಿನ ಬ್ಯಾನಿ ಅದು! ಆಗೆಲ್ಲ ಕಣ್ಣ ಬರತಿದ್ವು, ರೆಪ್ಪಿ ಅಂಟಿಕೊಂಡು ಬಿಡತಿದ್ವು. ಪಿತ್ತದ ಚೀಲಕ್ಕೂ ಕಣ್ಣಿಗೂ ಏನ್ ಸಂಬಂಧ? ನಾ ಸುಮ್ಮನ ಅಂಜಿದೆ."

"ಕಣ್ಣಿಂದಾದ್ರ ನಿಮ್ಮವ್ವ ಸೂಜಿಗಿ ಯಾಕ ಅಷ್ಟ ಹೆದರತಿದ್ರು?" ಎಂದೆ.

"ಸೂಜಿಗಿ ಯಾರ ಹೆದರೂದಿಲ್ರಿ?"

"ಆಕಿ 'ಹೇಳಿದ್ರೂ' ಅಂದು ತಡದ್ಲು. ಅದನ್ನ ಕೇಳಿದ್ರಿಲ್ಲೋ?"

"ಹರಕಿ ಸುಳ್ಳ ಹೇಳೂದಿಲ್ಲ ಸಣ್ಣ ಅಕ್ಕೋರ" ಎಂದು ಅವರು ಬಸ್ಸು ಹತ್ತಿದರು. ಎಷ್ಟೋ ದಿನಗಳ ಮೇಲೆ ಹಸಿವೆಯಾಯಿತೆಂದು ಆ ರೊಟ್ಟಿಯನ್ನು ಬಸ್ಸಿನಲ್ಲೇ ಬಿಚ್ಚಿ ತಿಂದರು. ಪಟ್ಟು ಹಿಡಿದರೆ ಬಿಡದ ಹೆಂಗಸು. ನನ್ನ ಮನಸ್ಸಿನಲ್ಲಿ ಮಾತ್ರ ಆ ಮುದುಕಿ ಬಾಗಿಲು ಹಾಕಿಕೊಂಡ ರೀತಿ ಕೂತುಬಿಟ್ಟಿತ್ತು.

ಆಪರೇಷನ್ನಿನ ದಿನ ಬೆಳಿಗ್ಗೆ ಅಕ್ಕೋರು ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಪಾದೋದಕವನ್ನೂ ತೆಗೆದುಕೊಳ್ಳದೆ ಖಾಲಿ ಹೊಟ್ಟೆಯಲ್ಲಿ ದವಾಖಾನೆಯ ಮಂಚದ ಮೇಲೆ ಕೂತಿದ್ದರು. ಆಪರೇಷನ್ನಿಗೆ ಮುಂಚೆ ಹನಿ ನೀರೂ ಬೇಡ ಎಂದು ಓಣಿಗೆಲ್ಲ ಹೇಳುತ್ತಿದ್ದ ಮಾತನ್ನು ತಾವು ಪಾಲಿಸದೆ ಇರುವವರಲ್ಲ. ಡಾಕ್ಟರು ಬಂದು ಹಿಂದಿನ ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳಿದರು. "ಹೋದ ಸಲ ಗೊತ್ತಿಲ್ಲ ಅಂದಿದ್ರಿ. ಮನೆಯವರನ್ನ ಕೇಳಿದ್ರಾ?"

"ಕೇಳಿದೆ. ಅಂಥಾದ್ದು ಏನೂ ಇಲ್ರಿ. ಸಣ್ಣಾಕಿದ್ದಾಗ ಕಣ್ಣಿನ ಬ್ಯಾನಿ ಆಗಿತ್ತು, ಅಷ್ಟ."

ಇಲ್ಲ ಎಂದರು. ನನ್ನ ಕಿವಿಯಾರೆ ಕೇಳಿಸಿಕೊಂಡೆ, ಅವರು ಇಲ್ಲ ಎಂದರು. ಓಣಿಯವರಿಗೆಲ್ಲ ಮುಂಗೈ ಹಿಡಿದು ತಿದ್ದಿದ ಮಾತನ್ನು ತಾವು ಮರೆತು ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಇವರವ್ವ ಇವರಿಗೆ ಸೂಜಿ ಹಾಕಿಸಾಕ ಬಿಡತಿದ್ದಿಲ್ರಿ. ಯಾಕಂತ ಗೊತ್ತಿಲ್ಲ" ಎಂದೆ. ಅಕ್ಕೋರು ನನ್ನನ್ನು ಕೆಕ್ಕರಿಸಿ ನೋಡಿದರು. ಡಾಕ್ಟರು ತಳ್ಳಿಹಾಕಲಿಲ್ಲ. ಆಪರೇಷನ್ನಿಗೆ ಮುಂಚೆ ಕೊಡುವ ಔಷಧದ ಒಂದು ಹನಿಯನ್ನು ಮುಂದೋಳಿನ ಚರ್ಮಕ್ಕೆ ಹಾಕಿಸಿ ಕಾಯಿಸಿದರು. ಕೆಂಪಾಗಲಿಲ್ಲ, ಊದಲಿಲ್ಲ. "ನೋಡಿದ್ರೇನು?" ಎಂದು ಅಕ್ಕೋರು ಗೆದ್ದವರಂತೆ ಕೈ ತೋರಿಸಿದರು. ಮಾಡಬೇಕಾದ್ದನ್ನೆಲ್ಲ ಅಲ್ಲಿ ಎಲ್ಲರೂ ಮಾಡಿದರು. ನಾನು ಯಾರನ್ನೂ ದೂರುವುದಿಲ್ಲ.

ನರ್ಸ್ ಬಂದು ನರಕ್ಕೆ ಅದೇ ಔಷಧದ ಇಂಜೆಕ್ಷನ್ ಕೊಟ್ಟಳು. ಅಕ್ಕೋರು ನನ್ನ ಕಡೆ ತಿರುಗಿ, ಊರಿಗೆ ಹೋದ ಮೇಲೆ ಚಿಗವ್ವನಿಗೆ ಒಂದು ಸೀರೆ ಕಳಿಸಬೇಕು, ಮುದುಕಿಯನ್ನು ಸುಮ್ಮನೆ ಅಳಿಸಿಬಂದೆವು ಎಂದರು. ಮಾತಿನ ನಡುವೆಯೇ ಅಂಗೈ ಕೆರೆದುಕೊಂಡರು.

"ಅಂಗೈ ಭಾಳ ತುರಸಾಕತ್ತಾವಲ್ಲ?" ಎಂದರು.

ನಾನು ನೋಡುತ್ತಿದ್ದಂತೆ ಅವರ ತುಟಿ ದಪ್ಪಗಾಯಿತು. ಕೆನ್ನೆ, ಮೂಗು, ಹುಬ್ಬು, ಒಂದಾದ ಮೇಲೊಂದು ಬಾತು, ಮುಖವೇ ಬೇರೆಯಾಯಿತು. ನಾನು ಕಿರುಚಿದೆ. ನರ್ಸ್ ಓಡಿಬಂದಳು, ಡಾಕ್ಟರನ್ನು ಕೂಗಿದಳು. ಅಕ್ಕೋರು ನನ್ನ ಮುಂಗೈಯನ್ನು ಉಗುರು ನಾಟುವಂತೆ ಹಿಡಿದರು.

"ಕಣ್ಣ ತೆರೀವಲ್ವು" ಎಂದರು. ಉಸಿರು ಎಳೆದೆಳೆದು ಬರುತ್ತಿತ್ತು. "ಸಣ್ಣ ಅಕ್ಕೋರ… ಇದ. ಆವಾಗ ಆಗಿದ್ದು ಇದ. ಡಾಕ್ಟರಗ ಹೇಳ್ರಿ…"

ಹೇಳಿದೆ. ಡಾಕ್ಟರು ಒಳಗೆ ಬರುತ್ತಿದ್ದಂತೆ ಕೂಗಿ ಹೇಳಿದೆ. ಅವರು ತಲೆಯಾಡಿಸಿ, ನನ್ನನ್ನು ಹೊರಗೆ ಕಳಿಸಿ, ಪರದೆ ಎಳೆದರು. ತೊಡೆಗೆ ಔಷಧಿ ಚುಚ್ಚಿದರು, ಗಂಟಲಿಗೆ ನಳಿಕೆ ಹಾಕಿದರು, ಐಸಿಯುಗೆ ಒಯ್ದರು. ಅವತ್ತು ಹಗಲೆಲ್ಲ ಹೋರಾಡಿದರು. ಅಕ್ಕೋರು ಮತ್ತೆ ಮಾತಾಡಲಿಲ್ಲ. ಮರುದಿನ ಮಧ್ಯಾಹ್ನ ಡಾಕ್ಟರು ಹೊರಗೆ ಬಂದು ಅವರ ತಮ್ಮನ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ನೋಡಿ, "ಚಿಕ್ಕಂದಿನಲ್ಲಿ ಹೀಗಾಗಿತ್ತು ಅಂತ ಒಂದು ಮಾತು ಮೊದಲೇ ಗೊತ್ತಿದ್ದಿದ್ರೆ, ಈ ಜಾತಿಯ ಔಷಧಿಯನ್ನ ನಾವು ಮುಟ್ತಾನೇ ಇರಲಿಲ್ಲ. ಬೇರೆ ಇತ್ತು" ಎಂದರು. ಅವರ ಕಣ್ಣೂ ಕೆಂಪಾಗಿದ್ದವು.

ಮಾರನೆಯ ಬೆಳಿಗ್ಗೆ ಇಳಕಲ್ಲಿನ ಮನೆಯ ಪಡಸಾಲೆಯಲ್ಲಿ ಅಕ್ಕೋರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಮೈಮೇಲೆ ಅವರಿಗೆ ಇಷ್ಟವಾದ ಕೆಂಪು ಸೆರಗಿನ ಸೀರೆ. ಓಣಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿದ್ದವು. ತಂಬಾಕಿನ ಅಜ್ಜ ಬಾಗಿಲಲ್ಲಿ ಕೂತು ಹೆಂಗಸರಿಗಿಂತ ಜೋರಾಗಿ ಅಳುತ್ತಿದ್ದ. ನನಗೆ ಅಳು ಬರುತ್ತಿರಲಿಲ್ಲ. ಬರೀ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ಮಧ್ಯಾಹ್ನದ ಹೊತ್ತಿಗೆ ಚಿಗವ್ವನನ್ನು ಮೊಮ್ಮಗಳು ಕರೆತಂದಳು. ಮುದುಕಿ ಅಕ್ಕೋರ ಮುಂದೆ ಕೂತು, ಬಾವು ಇನ್ನೂ ಪೂರ್ತಿ ಇಳಿಯದ ಆ ಮುಖವನ್ನು ಬಹಳ ಹೊತ್ತು ನೋಡಿದಳು. ರೆಪ್ಪೆಗಳನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ನನ್ನನ್ನು ಗುರುತಿಸಿ ಹತ್ತಿರ ಕರೆದಳು. "ಇನ್ನ ಹೇಳಾಕ ಬರತೈತಿ. ಇನ್ನೇನೈತಿ" ಎಂದು ಸಣ್ಣ ದನಿಯಲ್ಲಿ ಶುರುಮಾಡಿದಳು.

"ಆಕಿಗಿ ಜ್ವರಾ ಬಂದಿತ್ತವಾ. ಬಾದಾಮ್ಯಾಗ ಡಾಕ್ಟರು ಸೂಜಿ ಹಾಕಿದ್ರು. ಹೊರಗ ಬರೂದ್ರಾಗ ಮಾರಿ ಹಿಂಗ ಬಾತು, ಕಣ್ಣ ಮುಚ್ಚಿದ್ವು, ಉಸಲಾ ನಿಂತು ನಿಂತು ಬರತಿತ್ತು. ನಮ್ಮಕ್ಕಗ ಏನ್ ತಿಳೀಬೇಕು? ಸಿಕ್ಕ ಚಕ್ಕಡಿ ಹತ್ತಿ ನನ್ನ ಕಡೆ ಬಂದ್ಲು. ಇಬ್ಬರೂ ಕೂಡಿ ಕೂಸಿನ್ನ ಒಯ್ದು ಬನಶಂಕರಿ ಹೊಂಡದ ಪಾವಟಿಗಿ ಮ್ಯಾಲೆ ಮಲಗಿಸಿದ್ವಿ. ಬೆಳ್ಳಿ ಕಣ್ಣ ಕೊಡ್ತೀನಿ ಅಂದ್ಲು. ಇದನ್ನ ಯಾರ ಮುಂದನೂ ಬಾಯಿ ಬಿಡಂಗಿಲ್ಲ, ಬಿಟ್ರ ಕೂಸಿನ್ನ ತಿರುಗಿ ತಗೊಂಡಬಿಡು ಅಂತ ಬೇಡಿಕೊಂಡ್ಲು. ನನ್ನ ಕಡಿಂದನೂ ನೀರಾಗ ನಿಂದ್ರಿಸಿ ಆಣಿ ಮಾಡಿಸಿದ್ಲು. ಹೊತ್ತು ಮುಣುಗೂದ್ರಾಗ ಬಾವು ಇಳೀತು, ಕೂಸು ಕಣ್ಣ ಬಿಡ್ತು."

ಚಿಗವ್ವ ನನ್ನ ಮೊಣಕಾಲು ಅಲುಗಿಸಿದಳು.

"ನೀವು ಓದಿದವರು, ಹೇಳ್ರಿ. ಅವತ್ತ ಆಕಿ ಕೈ ಹಿಡದು ಕೇಳಿದಾಗ ನನ್ನ ಕರಳ ಕಿತ್ತು ಬಂದಿತ್ತು. ಹೇಳಿದ್ರ ಆಕಿ ಜೀವ ಹೋಗತೈತಿ ಅಂತ ಹಲ್ಲ ಕಚ್ಚಿ ಬಾಗಲಾ ಹಾಕ್ಕೊಂಡೆ. ನಾ ಆಣಿ ಮುರೀಲಿಲ್ಲ. ಮತ್ತ ದೇವಿ ಯಾಕ ಒಯ್ದ್ಲು?"

ನನ್ನ ನಾಲಿಗೆಗೆ ಕಡಿವಾಣ ಇಲ್ಲವೆಂದು ಓಣಿಯೆಲ್ಲ ಬಲ್ಲದು. ಡಾಕ್ಟರು ಹೇಳಿದ ಮಾತು ಬಾಯ ತುದಿಗೆ ಬಂದು ನಿಂತಿತ್ತು. ಒಂದೇ ಒಂದು ಮಾತು ಸಾಕಿತ್ತು ಮುದುಕಿ, ಒಂದೇ ಮಾತು, ಎಂದು ಅವಳ ಹೆಗಲು ಹಿಡಿದು ಅಲುಗಿಸಬೇಕೆನಿಸಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಯುಷ್ಯ ಅಷ್ಟ ಇತ್ತವ್ವಾ" ಎಂದೆ. "ನಿಮ್ಮ ಕಡಿಂದ ಏನೂ ತಪ್ಪಾಗಿಲ್ಲ."

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಹೌದಲ್ಲವಾ?" ಎಂದಳು. "ನಾ ಒಬ್ಬರಿಗೂ ಹೇಳಲಿಲ್ಲ."